ಎಂಬತ್ತು ದಾಟಿದರೆ ನಡುಗುತ್ತಿದ್ದ ಕಾರು

ನನ್ನ ಕಾರು ಸುಮ್ಮನೆ ಓಡುವಾಗ ಎಷ್ಟು ವೇಗದಲ್ಲಿದ್ದರೂ ನೆಟ್ಟಗೆ ಇರುತ್ತಿತ್ತು. ಎಂಬತ್ತು ದಾಟಿದ ಮೇಲೆ ಬ್ರೇಕ್ ಒತ್ತಿದೆನೋ, ಸ್ಟೇರಿಂಗು ಎರಡೂ ಕೈಯಲ್ಲಿ ಗಡಗಡ ನಡುಗಲು ಶುರುವಾಗುತ್ತಿತ್ತು. ಜ್ವರ ಬಂದ ಕೂಸನ್ನು ಎತ್ತಿಕೊಂಡ ಹಾಗೆ. ವೇಗ ಐವತ್ತಕ್ಕೆ ಇಳಿಯುವ ಹೊತ್ತಿಗೆ ನಡುಕ ತಾನೇ ನಿಂತು, ಏನೂ ಆಗಿಲ್ಲವೇನೋ ಎಂಬಂತೆ ಮುಂದೆ ಹೋಗುತ್ತಿತ್ತು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಆ ನಡುಕದಿಂದಾಗಿ ನನ್ನ ಅಕ್ಕ ನನ್ನ ಕಾರು ಹತ್ತುವುದನ್ನೇ ಬಿಟ್ಟಳು. ಅಕ್ಕ ಕಾರು ಹತ್ತದೆ ಹೋದದ್ದರಿಂದ ನನಗೆ ಅವ್ವ ಸಿಗದಂತಾದಳು.

ಅವ್ವ ತೀರಿಕೊಂಡಾಗ ನಾನು ಇನ್ನೂ ಸರಿಯಾಗಿ ಮಾತು ಬಾರದ ಕೂಸು. ಅಕ್ಕ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಅವ್ವನ ಫೋಟೋ ಒಂದೂ ಇಲ್ಲ. ಸಂತೆಕಲ್ಲೂರು ಕಡೆಯ ಎರೆಹೊಲದ ಊರು ನಮ್ಮದು. ಆಗ ಅಲ್ಲಿ ಮದುವೆಗೂ ಫೋಟೋ ತೆಗೆಸುತ್ತಿರಲಿಲ್ಲ, ಇನ್ನು ಕೂಲಿ ಮಾಡುವ ಹೆಂಗಸಿಗೆ ಯಾರು ತೆಗೆಸುತ್ತಾರೆ. ಅಪ್ಪನೂ ಈಗಿಲ್ಲ. ಅವ್ವನ ಮುಖ, ದನಿ, ನಡಿಗೆ, ಏನೇನಿತ್ತೋ ಅದೆಲ್ಲ ಉಳಿದದ್ದು ಅಕ್ಕನ ತಲೆಯೊಳಗೆ ಮಾತ್ರ. ಅಲ್ಲಿಂದ ಹೊರಗೆ ತೆಗೆಯುವುದು ಸುಲಭವಿರಲಿಲ್ಲ.

ನಾನು ಲಿಂಗಸುಗೂರಿನಲ್ಲಿ ಹೈಸ್ಕೂಲು ಟೀಚರು. ವಿಜ್ಞಾನ ಕಲಿಸುತ್ತೇನೆ. ತಂದೆಯ ಕಡೆ, ತಾಯಿಯ ಕಡೆ ಎರಡೂ ಮನೆತನ ಸೇರಿಸಿದರೂ ಡಿಗ್ರಿ ಪಾಸಾದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆ ಡಿಗ್ರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಕ್ಕನದು. ಅವಳು ಮದುವೆಯಾಗಿ ದಢೇಸುಗೂರಿಗೆ ಹೋದ ಮೇಲೆ ಕೆನಾಲಿನ ಗದ್ದೆಗಳಲ್ಲಿ ಬಗ್ಗಿ ಭತ್ತ ನಾಟಿ ಮಾಡಿದ ಕೂಲಿಯಲ್ಲೇ ನನ್ನ ಹಾಸ್ಟೆಲ್ಲಿನ ಟ್ರಂಕು, ಪುಸ್ತಕ, ಪರೀಕ್ಷೆಯ ಫೀಸು ಎಲ್ಲ ಆದದ್ದು. ಈಗ ಅವಳ ಮನೆ ತುಂಬಿದ ಮನೆ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಎರಡು ಎಮ್ಮೆ. ಆ ಮನೆಯಲ್ಲಿ ಅವಳೊಂದಿಗೆ ಒಂದು ಮಾತು ಪೂರ್ತಿ ಆಡುವುದಕ್ಕೆ ಆಗುವುದಿಲ್ಲ. "ಅವ್ವ ಹೆಂಗಿದ್ಲು ಅಕ್ಕಾ" ಎಂದು ಕೇಳಿದರೆ, ಒಲೆ ಊದುತ್ತಾ, "ಹೆಂಗಿರ್ತಾಳ, ಅವ್ವ ಇದ್ದಂಗ ಇದ್ಲು" ಎಂದುಬಿಡುತ್ತಾಳೆ.

ಕಾರು ತೆಗೆದುಕೊಂಡದ್ದು ನಲವತ್ತು ದಾಟಿದ ಮೇಲೆ. ಸೆಕೆಂಡ್ ಹ್ಯಾಂಡ್, ಬಿಳಿಯದು, ಸಣ್ಣದು. ಅಕ್ಕ ಅಮಾವಾಸ್ಯೆಗೆ ಮಸ್ಕಿಯ ಗುಡ್ಡದ ಮಲ್ಲಯ್ಯನಿಗೆ ನಡೆದುಕೊಳ್ಳುತ್ತಾಳೆ. ಆ ದಿನ ನಾನು ರಜೆ ಹಾಕಿ ಲಿಂಗಸುಗೂರಿನಿಂದ ಹೊರಟು, ಮಸ್ಕಿಯನ್ನು ದಾಟಿ, ಸಿಂಧನೂರನ್ನು ದಾಟಿ, ದಢೇಸುಗೂರಿಗೆ ಹೋಗಿ, ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಅದೇ ರಸ್ತೆಯಲ್ಲಿ ಮಸ್ಕಿಗೆ ತಿರುಗಿ ಬರುತ್ತಿದ್ದೆ. "ಹುಚ್ಚಿ ಅದಿ ನೀ. ದೇವರ ಮುಂದ ಹಾದು ಬಂದು, ನನ್ನ ಕರಕೊಂಡು, ಮತ್ತ ದೇವರ ಕಡೆ ಹೋಗ್ತಿ" ಎಂದು ಅವಳು ಬೈಯುತ್ತಿದ್ದಳು. ನನಗೆ ಬೇಕಾಗಿದ್ದದ್ದು ದೇವರಲ್ಲ. ಆ ಸೀಟು, ಆ ರಸ್ತೆ, ಅಕ್ಕನ ಬಾಯಿ.

ಸಿಂಧನೂರು ಬಿಡುವತನಕ ಅವಳದು ಬರೀ ಮನೆಯ ಮಾತು. ಸೊಸೆ ಉಪ್ಪು ಹೆಚ್ಚು ಹಾಕುತ್ತಾಳೆ, ದೊಡ್ಡ ಮಗ ಮಾತು ಕೇಳುವುದಿಲ್ಲ. ಎರಡೂ ಕಡೆ ಕೆನಾಲಿನ ಹಸಿರು ಗದ್ದೆ. ಸಿಂಧನೂರು ಬಿಟ್ಟು ಮಸ್ಕಿ ಕಡೆ ಹೋಗುತ್ತಾ ಹೋಗುತ್ತಾ ಒಂದು ಕಡೆ ಗದ್ದೆ ಮುಗಿದು ಎರೆಭೂಮಿ ಶುರುವಾಗುತ್ತದೆ. ಜೋಳ, ತೊಗರಿ, ನಡುವೆ ಒಂದೊಂದು ಜಾಲಿಗಿಡ. ನೆಲ ಕಪ್ಪಾದ ಕೂಡಲೇ ಅಕ್ಕನ ಮಾತೂ ಬದಲಾಗುತ್ತಿತ್ತು. ಅವಳಿಗೆ ಅದು ಗೊತ್ತಿತ್ತೋ ಇಲ್ಲವೋ, ನನಗಂತೂ ಗೊತ್ತಿತ್ತು. ಅವಳು ನನ್ನ ಮುಖ ನೋಡಬೇಕಾಗಿರಲಿಲ್ಲ, ನಾನು ಅವಳ ಮುಖ ನೋಡುವಂತಿರಲಿಲ್ಲ. ಇಬ್ಬರ ಕಣ್ಣೂ ರಸ್ತೆಯ ಮೇಲೆ.

"ಇಂಥಾ ಹೊಲದಾಗ ಅಟ್ಟ ಕಟ್ಟತಿದ್ರು. ಅವ್ವ ಅದರ ಮ್ಯಾಲೆ ನಿಂತು ಕವಣಿ ಬೀಸ್ತಿದ್ಲು. ಗುಬ್ಬಿ ಹಿಂಡು ಎದ್ದು ಹೋಗೂದು ನೋಡಬೇಕಿತ್ತು ನೀ."

"ಕಲ್ಲು ದೂರ ಹೋಗ್ತಿತ್ತಾ?"

"ಗಂಡಸರ ಕಲ್ಲು ಹೋಗಲಾರದಷ್ಟು ದೂರ. ನಮ್ಮಪ್ಪ ಒಂದಿನ ಕೆಳಗ ನಿಂತು ನೋಡಿ, ಈಕಿ ಜೋಡಿ ಜಗಳ ತಗೀಬಾರದಪ ಅಂದಿದ್ದ."

ಒಂದು ಸಲಕ್ಕೆ ಇಷ್ಟೇ. ಇನ್ನೊಂದು ಅಮಾವಾಸ್ಯೆಗೆ ಮತ್ತೊಂದು ತುಣುಕು. ಅವ್ವ ನಗುವಾಗ ಸೆರಗಿನ ಚುಂಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಎಳೆ ಜೋಳದ ತೆನೆ ಸುಟ್ಟು, ಕಾಳು ಉಜ್ಜಿ, ಊದಿ, ಮೊದಲ ಹಿಡಿ ನನ್ನ ಬಾಯಿಗೆ ಹಾಕುತ್ತಿದ್ದಳು. ನನಗೆ ಹಲ್ಲು ಪೂರ್ತಿ ಬಂದಿರಲಿಲ್ಲವಾದ್ದರಿಂದ ತಾನೇ ಅಗಿದು ಕೊಡುತ್ತಿದ್ದಳು. ಲಿಂಗಸುಗೂರಿಗೆ ಒಬ್ಬಳೇ ತಿರುಗಿ ಬರುವಾಗ ನಾನು ಆ ತುಣುಕನ್ನು ದಾರಿಯುದ್ದಕ್ಕೂ ಮೆಲುಕು ಹಾಕುತ್ತಿದ್ದೆ.

ಆ ದಿನ ಕುರಿ ಅಡ್ಡ ಬಂದವು. ಎರೆಭೂಮಿಯ ನೆಟ್ಟನೆಯ ರಸ್ತೆ, ವೇಗ ತೊಂಬತ್ತರ ಹತ್ತಿರ. ಎಡಗಡೆಯ ತಗ್ಗಿನಿಂದ ಹಿಂಡು ಒಮ್ಮೆಗೇ ರಸ್ತೆಗೆ ಏರಿತು. ನಾನು ಬ್ರೇಕ್ ಒತ್ತಿದೆ. ಅದಕ್ಕೆ ಮುಂಚೆ ಒಂದೆರಡು ಸಲ ಸ್ವಲ್ಪ ಅದುರಿದ್ದು ನನ್ನ ಗಮನಕ್ಕೆ ಬಂದಿತ್ತು, ರಸ್ತೆ ಸರಿಯಿಲ್ಲ ಅಂದುಕೊಂಡಿದ್ದೆ. ಈ ಸಲ ಸ್ಟೇರಿಂಗು ಕೈ ಬಿಡಿಸಿಕೊಳ್ಳುವ ಹಾಗೆ ನಡುಗಿತು. ಮುಂದಿನ ಕನ್ನಡಿ, ಅದಕ್ಕೆ ತೂಗುಹಾಕಿದ್ದ ರುದ್ರಾಕ್ಷಿ, ಅಕ್ಕನ ತೊಡೆಯ ಮೇಲಿದ್ದ ಕಾಯಿ ಕರ್ಪೂರದ ಬುಟ್ಟಿ, ಎಲ್ಲ ನಡುಗಿದವು. ಕಾರು ಕುರಿಗಳಿಂದ ಸಾಕಷ್ಟು ದೂರದಲ್ಲೇ ನಿಂತಿತು. ಒಂದು ಕುರಿಗೂ ಏನೂ ಆಗಲಿಲ್ಲ. ತೆಂಗಿನಕಾಯಿ ಉರುಳಿ ಅಕ್ಕನ ಕಾಲ ಬಳಿ ಬಿದ್ದಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

"ಇದು ಅಂಜೈತಿ ಬೇ" ಎಂದಳು.

"ಯಾವುದು?"

"ಗಾಡಿ. ಎತ್ತು ಹಿಂಗ ನಡುಗಿದ್ರ ನಾವು ಕೊಳ್ಳ ಹರೀತೀವಿ, ಹೂಡೂದಿಲ್ಲ. ನಾ ಮುಂದಿನ ಸ್ಟಾಪಿಗೆ ಇಳೀತೀನಿ."

ಇಳಿದೇಬಿಟ್ಟಳು. ಬೇಡಿಕೊಂಡೆ, ಬೈದೆ, ಮೆಲ್ಲಗೆ ಹೊಡೆಯುತ್ತೇನೆಂದೆ. "ಮೆಲ್ಲಗ ಹೊಡದ್ರ ಅಂಜಿಕಿ ಹೋಗ್ತೈತೇನು? ಒಳಗ ಕುಂತಿರ್ತೈತಿ" ಎಂದು ಹಿಂದಿನಿಂದ ಬಂದ ಬಸ್ಸಿಗೆ ಕೈ ಮಾಡಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆ. ಅವಳಿಗೆ ನನ್ನ ಹಂಗೇ ಬೇಕಾಗಿರಲಿಲ್ಲ.

ಮುಂದಿನ ಅಮಾವಾಸ್ಯೆಗಳಲ್ಲಿ ಅವಳು ದಢೇಸುಗೂರಿನಿಂದ ಬಸ್ಸಿನಲ್ಲೇ ಮಸ್ಕಿಗೆ ಬಂದಳು. ಒಂದು ಸಲ ನಾನು ಸಿಂಧನೂರಿನವರೆಗೆ ಹೋಗಿ ಅವಳ ಬಸ್ಸಿನ ಹಿಂದೆ ಹಿಂದೆ ಕಾರು ಹೊಡೆದೆ. ಬಸ್ಸು ನಿಂತಲ್ಲೆಲ್ಲ ನಿಂತೆ. ಹಿಂದಿನ ಗಾಜಿನಲ್ಲಿ ಅವಳ ತಲೆಯ ಸೆರಗು ಕಾಣುತ್ತಿತ್ತು. ಪಕ್ಕದಲ್ಲಿ ಇನ್ನೊಬ್ಬ ಹೆಂಗಸು, ಇಬ್ಬರ ತಲೆಯೂ ಒಂದಕ್ಕೊಂದು ಬಾಗಿ ಮಾತು ನಡೆದಿತ್ತು. ಗದ್ದೆ ಮುಗಿದು ಎರೆಭೂಮಿ ಬಂತು. ಅಕ್ಕನ ಕೈ ಮೇಲೆದ್ದು ಕಿಟಕಿಯ ಹೊರಗೆ ಏನನ್ನೋ ತೋರಿಸಿತು. ನನ್ನ ಪಾಲಿನದನ್ನು ಯಾರದೋ ಮಡಿಲಿಗೆ ಹಾಕುತ್ತಿದ್ದಾಳೆ ಅನ್ನಿಸಿತು.

ಗುಡ್ಡದ ಕೆಳಗೆ ಕೇಳಿದೆ, "ಬಸ್ಸಿನಾಗ ಯಾರಿಗೆ ಏನು ಹೇಳಾಕತ್ತಿದ್ದಿ?"

"ತೊಗರಿಗೆ ಹುಳ ಬಿದ್ದೈತಿ ಅಂತ ಹೇಳಿದೆ. ಯಾಕ, ನಿನಗ ಬೇಕಿತ್ತೇನು ಹುಳ?"

ಕಾರು ರಿಪೇರಿ ಮಾಡಿಸಿ ಅಕ್ಕನನ್ನು ತಿರುಗಿ ಆ ಸೀಟಿಗೆ ತರಬೇಕು. ಅದೊಂದೇ ಕೆಲಸ ಅಂದುಕೊಂಡೆ.

ಲಿಂಗಸುಗೂರಿನ ಟೈರಿನ ಅಂಗಡಿಯವನು ಕಾರನ್ನು ನೋಡುವ ಮೊದಲೇ ಹೇಳಿದ, ಗಾಲಿಯ ಬ್ಯಾಲೆನ್ಸ್ ಹೋಗಿದೆ ಎಂದು. ಮಾಡಿಸಿದೆ. ನಡುಕ ಹೋಗಲಿಲ್ಲ. ಆಮೇಲೆ ಟೈರೇ ಬದಲಿಸಿರಿ ಎಂದ. ನಾನು ಮನೆಗೆ ಬಂದು ಮಕ್ಕಳಿಗೆ ಪಾಠ ಮಾಡುವ ಹಾಗೆ ನನಗೆ ನಾನೇ ಕೇಳಿಕೊಂಡೆ. ತಪ್ಪು ಗಾಲಿಯ ತೂಕದಲ್ಲಿದ್ದರೆ ಬ್ರೇಕ್ ಒತ್ತದಿದ್ದಾಗಲೂ ನಡುಗಬೇಕು, ನಡುಗುವುದಿಲ್ಲ. ಹಾಗಾದರೆ ತಪ್ಪು ಬ್ರೇಕಿನಲ್ಲಿ. ನಡುಗುವುದು ಹೆಚ್ಚಾಗಿ ಸ್ಟೇರಿಂಗು, ಕುಳಿತ ಸೀಟಲ್ಲ. ಹಾಗಾದರೆ ಹಿಂದಿನ ಬ್ರೇಕಲ್ಲ, ಮುಂದಿನದು. ಇಷ್ಟನ್ನು ತಿಳಿದುಕೊಂಡು ಸಿಂಧನೂರಿನ ಗ್ಯಾರೇಜಿನ ಮೇಸ್ತ್ರಿಯ ಹತ್ತಿರ ಹೋದೆ. ಅವನು ಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಅದಕ್ಕಿಂತ ಗಟ್ಟಿಗ. ಮನೆಯವರೊಂದಿಗೆ ಫೋನಿನಲ್ಲಿ ದಖನಿ ಉರ್ದು, ಗಿರಾಕಿಗಳೊಂದಿಗೆ ಕನ್ನಡ, ಕಾರಿನೊಂದಿಗೆ ಎರಡೂ.

ನಾನು ಹೇಳಿದ್ದನ್ನೆಲ್ಲ ಕೇಳಿ, "ಅರೆ, ಎಲ್ಲಾ ನೀವ ಹೇಳಿಬಿಟ್ರ ನಾ ಏನು ಹೇಳ್ಲಿರಿ ಮೇಡಮ್ಮಾರ" ಎಂದ.

"ಯಾವ ಕಡೆ ಗಾಲಿ ಅಂತ ಹೇಳ್ರಿ. ಅದು ನನಗ ಗೊತ್ತಾಗಿಲ್ಲ."

ಗಾಲಿ ಬಿಚ್ಚಿದ. ಒಳಗೆ ರೊಟ್ಟಿಯ ಹಂಚಿನಂಥ ಒಂದು ಕಬ್ಬಿಣದ ತಟ್ಟೆ ಇರುತ್ತದೆ, ಅದೇ ಡಿಸ್ಕು. ಗಾಲಿಯ ಜೊತೆ ಅದೂ ತಿರುಗುತ್ತದೆ. ಬ್ರೇಕ್ ಒತ್ತಿದಾಗ ಎರಡು ಪ್ಯಾಡುಗಳು ಎರಡೂ ಕಡೆಯಿಂದ ಅದನ್ನು ಹಿಡಿಯುತ್ತವೆ. ತಟ್ಟೆ ಸಮ ಇದ್ದರೆ ಹಿಡಿತವೂ ಸಮ. ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಡೊಂಕಾದರೂ ಸಾಕು, ಪ್ರತಿ ಸುತ್ತಿಗೂ ಪ್ಯಾಡು ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲಾಗಿ ಹಿಡಿಯುತ್ತದೆ. ವೇಗ ಹೆಚ್ಚಿದ್ದಷ್ಟೂ ಅದು ಕೈಗೆ ನಡುಕವಾಗಿ ಬರುತ್ತದೆ. ಮೇಸ್ತ್ರಿ ಗಡಿಯಾರದಂಥ ಒಂದು ಗೇಜನ್ನು ಡಿಸ್ಕಿಗೆ ತಾಗಿಸಿ ನಿಲ್ಲಿಸಿ, ಕೈಯಿಂದ ಮೆಲ್ಲಗೆ ತಿರುಗಿಸಿದ. ಬಲಗಡೆಯ ಡಿಸ್ಕಿಗೆ ಮುಳ್ಳು ಅಲುಗಾಡಲಿಲ್ಲ. ಎಡಗಡೆಯದಕ್ಕೆ ಹಚ್ಚಿದಾಗ ಮುಳ್ಳು ಹೋಗಿ ಬಂದಿತು, ಹೋಗಿ ಬಂದಿತು.

"ಸಿಕ್ಕ ನೋಡ್ರಿ ಕಳ್ಳ" ಎಂದ.

ಡಿಸ್ಕನ್ನು ಕಬ್ಬಿಣ ಕೆತ್ತುವ ಲೇತಿಗೆ ಹಾಕಿಸಿ ಮುಖ ಸಮ ಮಾಡಿಸಿ ಕೂಡಿಸಿದ. ನಾನು ಮಸ್ಕಿಯ ರಸ್ತೆಯಲ್ಲಿ ಒಬ್ಬಳೇ ಹೋಗಿ, ಹಿಂದೆ ಮುಂದೆ ಯಾರೂ ಇಲ್ಲದಾಗ ತೊಂಬತ್ತಕ್ಕೆ ಏರಿಸಿ ಬ್ರೇಕ್ ಒತ್ತಿದೆ. ನೀರಿನ ಮೇಲೆ ಹಕ್ಕಿ ಕೂತ ಹಾಗೆ ಕಾರು ನಿಂತಿತು. ಮರು ಭಾನುವಾರ ದಢೇಸುಗೂರಿಗೆ ಹೋಗಿ ಅಕ್ಕನಿಗೆ ಹೇಳಿದೆ, ಗಾಡಿ ಆರಾಮಾಗಿದೆ ಎಂದು.

"ಎಷ್ಟು ದಿನ ಇರ್ತೈತಿ ನೋಡೂಣು. ಜ್ವರ ಬಿಟ್ಟ ಕೂಡ್ಲೆ ನೀರು ಹಾಕಬಾರದು" ಎಂದಳು.

ಅವಳು ಹೇಳಿದ್ದು ಸರಿಯಾಯಿತು. ಭಾನುವಾರಗಳಲ್ಲಿ ಅಕ್ಕನ ಊರಿಗೆ ಹೋಗಿ ಬರುತ್ತಿದ್ದೆ, ಮೂರನೆಯದೋ ನಾಲ್ಕನೆಯದೋ ಭಾನುವಾರದ ಹೊತ್ತಿಗೆ ನಡುಕ ತಿರುಗಿ ಬಂತು. ಮೇಸ್ತ್ರಿಯ ಮುಖ ಸಣ್ಣದಾಯಿತು. "ನನ್ನ ಕೈಯಾಗಿನ ಕೆಲಸ ತಿರುಗಿ ಬರೂದಿಲ್ರಿ" ಎಂದು ಈ ಸಲ ಎರಡೂ ಕಡೆಗೆ ಹೊಸ ಡಿಸ್ಕು, ಹೊಸ ಪ್ಯಾಡು ಹಾಕಿದ. ಡಿಸ್ಕು ಕೂರುವ ಜಾಗದ ತುಕ್ಕು ಉಜ್ಜಿ ತೆಗೆದ. ಪ್ಯಾಡು ಹಿಡಿದುಬಿಡುವ ಕ್ಯಾಲಿಪರಿನ ಪಿನ್ನುಗಳಿಗೆ ಗ್ರೀಸು ಹಚ್ಚಿದ. ಗಾಲಿಯ ಬೋಲ್ಟುಗಳನ್ನು ಎದುರುಬದುರಾಗಿ, ಒಂದೇ ಬಿಗಿತಕ್ಕೆ ಬರುವಂತೆ ತಿರುವಿದ. ಇನ್ನು ತಪ್ಪು ಉಳಿಯಲು ಜಾಗವೇ ಇಲ್ಲ ಅನ್ನಿಸಿತು.

ಮತ್ತೆ ಬಂತು. ಗೇಜು ಹಚ್ಚಿದರೆ ಮತ್ತೆ ಎಡಗಡೆಯದೇ.

"ಗಾಡಿ ಕೆನಾಲಿಗೆ ಇಳಸ್ತೀರೇನ್ರಿ?" ಮೇಸ್ತ್ರಿ ಕೇಳಿದ.

"ಇಲ್ಲ."

"ಲಾಂಗ್ ಹೊಡದು ಬಂದ ಕೂಡ್ಲೆ ಗಾಡಿ ತೊಳೀತೀರೇನು? ಸುಡೋ ಡಿಸ್ಕಿಗೆ ತಣ್ಣೀರು ಬಿದ್ರ ಹಿಂಗಾಗ್ತೈತಿ."

"ಇಲ್ಲಪ್ಪ. ತೊಳೆಯೋದು ಮುಂಜಾನೆ, ಮನಿ ಮುಂದ."

"ಖರೇ ಹೇಳ್ರಿ."

"ನಾ ಸುಳ್ಳು ಹೇಳಾಕ ಇಲ್ಲೀತನ ಬರಬೇಕೇನು? ತೊಳದ್ರ ಎರಡೂ ಕಡೆ ತೊಳೀತೀನಿ. ಬಲಗಡೆ ಯಾಕ ನೆಟ್ಟಗೈತಿ ಹೇಳ್ರಿ."

ಅವನು ಎಡಗಡೆಯ ಡಿಸ್ಕನ್ನು ಮತ್ತೊಮ್ಮೆ ತಿರುಗಿಸಿ ನೋಡಿ, ಹಾಗೆಯೇ ಗಾಲಿ ಕೂಡಿಸಿಕೊಟ್ಟ. ಆ ಅಮಾವಾಸ್ಯೆಯೂ ಅಕ್ಕ ಬಸ್ಸಿನಲ್ಲೇ ಹೋದಳು. ಆ ತಿಂಗಳುಗಳಲ್ಲಿ ಲಿಂಗಸುಗೂರಿನ ಮನೆಯಲ್ಲಿ ಸಂಜೆ ಉತ್ತರಪತ್ರಿಕೆ ತಿದ್ದುತ್ತಾ ಕೂತಾಗ ಅವ್ವನ ಕಡೆ ಮನಸ್ಸು ಹೋಗುತ್ತಿತ್ತು. ನನ್ನ ಹತ್ತಿರ ಇದ್ದದ್ದು ನಾಲ್ಕೈದು ತುಣುಕು. ಅವನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಅಟ್ಟದ ಮೇಲೆ ನಿಂತ ಹೆಂಗಸಿಗೆ ನಾನು ಒಂದು ಸೀರೆ ಉಡಿಸುತ್ತಿದ್ದೆ, ಒಂದು ಎತ್ತರ ಕೊಡುತ್ತಿದ್ದೆ. ಮುಖ ಮಾತ್ರ ಕೊಡಲು ಆಗುತ್ತಿರಲಿಲ್ಲ. ಅಕ್ಕನ ಹತ್ತಿರ ಇನ್ನೂ ಎಷ್ಟೋ ಇದೆ, ಅವಳಿಗೂ ವಯಸ್ಸಾಗುತ್ತಿದೆ, ದಿನಗಳು ಹೋಗುತ್ತಿವೆ ಎಂದು ಅನ್ನಿಸುತ್ತಿತ್ತು.

ಒಂದು ಭಾನುವಾರ ದಢೇಸುಗೂರಿಗೆ ಹೋದೆ. ಸಿಂಧನೂರು ದಾಟಿದ ಮೇಲೆ ರಸ್ತೆ ಚೆನ್ನಾಗಿರುವುದರಿಂದ ಜೋರಾಗಿಯೇ ಹೋಗಿ, ಊರ ಹತ್ತಿರದ ಉಬ್ಬುಗಳಿಗೆ ಮೇಲಿಂದ ಮೇಲೆ ಬ್ರೇಕ್ ಒತ್ತಿ, ಅಕ್ಕನ ಬಾಗಿಲಿಗೆ ಕಾರು ಹಚ್ಚಿದೆ. ಯಾವಾಗಲೂ ಹಾಗೆಯೇ, ಎಡಗಡೆ ಅವಳ ಹೊಸ್ತಿಲ ಕಡೆಗೆ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಒಳಗ ನಡಿ, ರೊಟ್ಟಿ ಬಿಸಿ ಅದಾವು, ನಾ ಬಂದೆ" ಎಂದಳು. ಇದೂ ಯಾವಾಗಿನ ಮಾತೇ. ನಾನು ಒಳಗೆ ಹೋದೆ. ಅಡುಗೆಮನೆಯವರೆಗೆ ಹೋದವಳಿಗೆ ಫೋನು ಕಾರಿನಲ್ಲೇ ಬಿಟ್ಟದ್ದು ನೆನಪಾಗಿ ತಿರುಗಿದೆ.

ಅಕ್ಕ ಬಗ್ಗಿ, ದೊಡ್ಡ ಹಿತ್ತಾಳೆಯ ತಂಬಿಗೆಯಿಂದ ಕಾರಿನ ಮುಂದಿನ ಎಡ ಗಾಲಿಗೆ ನೀರು ಹಾಕುತ್ತಿದ್ದಳು. ನೀರು ಗಾಲಿಯ ಸಂದುಗಳಿಂದ ಒಳಗೆ ಹೋಗಿ ಡಿಸ್ಕಿಗೆ ಬಿದ್ದು ಚುಂಯ್ ಎಂದಿತು. ಸಣ್ಣಗೆ ಹಬೆ ಎದ್ದಿತು. ಅವಳು ಒಂದು ಕೈಯಿಂದ ಕಾರಿನ ಮೂತಿ ಸವರಿ, "ಭಾಳ ಸುಡಾಕತ್ತಾವು ಕಾಲು" ಎಂದಳು. ಕಾರಿಗೆ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುತ್ತಾರೆ. ಬೀಗರಾಗಲಿ, ಹೊಲದಿಂದ ಬಂದ ಗಂಡನಾಗಲಿ, ನೀರು ಕೊಡದೆ ಒಳಗೆ ಕರೆದರೆ ಅದು ಕರೆದಂತಲ್ಲ. ನಾನು ಹಾಸ್ಟೆಲ್ಲಿನಿಂದ ಬಸ್ಸಿಳಿದು ನಡೆದು ಬರುತ್ತಿದ್ದಾಗ ಅಕ್ಕ ಅದೇ ತಂಬಿಗೆ ಹಿಡಿದು ನಿಂತಿರುತ್ತಿದ್ದಳು. ಕಾರು ಬಂದ ಮೇಲೆ ನನ್ನ ಕಾಲಿಗೆ ಧೂಳೇ ಆಗುವುದಿಲ್ಲ. ಬಾಗಿಲಲ್ಲೇ ಬೂಟು ಬಿಟ್ಟು ಒಳಗೆ ನಡೆದುಬಿಡುತ್ತಿದ್ದೆ.

"ಅಕ್ಕಾ, ಏನು ಮಾಡಾಕತ್ತಿ?"

ಅವಳು ಬೆಚ್ಚಲಿಲ್ಲ. "ಕಾಣಸೂದಿಲ್ಲೇನು? ಇಷ್ಟು ದೂರದಿಂದ ನಿನ್ನ ಹೊತ್ಕೊಂಡು ಬಂದೈತಿ. ನೀನಂತೂ ಬ್ಯಾಡ ಅಂತಿ. ಇದು ಬ್ಯಾಡ ಅನ್ನೂದಿಲ್ಲ."

"ಬಂದಾಗೆಲ್ಲಾ ಹಾಕ್ತಿಯಾ?"

"ಮತ್ತ? ಒಂದಿನ ಕೊಟ್ಟು ಒಂದಿನ ಬಿಡಾಕ ಆಗ್ತೈತೇನು?"

"ಬಲಗಡೆ ಗಾಲಿಗೆ?"

"ಅದು ಆ ಕಡೆ ಐತಿ. ಸುತ್ತು ಹಾಕ್ಕೊಂಡು ಹೋಗಬೇಕು, ಗಟಾರ ಐತಿ ಅಲ್ಲಿ. ಯಾಕ, ಅದು ಸಿಟ್ಟಾಗೈತೇನು?"

ನಾನು ಹೊಸ್ತಿಲ ಮೇಲೆಯೇ ಕೂತೆ. ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ಹೇಳದೆ ಬಿಡುವಂತಿರಲಿಲ್ಲ. ನಿಧಾನವಾಗಿ ಹೇಳಿದೆ. ಈ ಕಬ್ಬಿಣ ಕಾದಿರುತ್ತದೆ, ತಣ್ಣೀರು ಒಂದು ಕಡೆ ಮಾತ್ರ ಬಿದ್ದರೆ ಆ ಕಡೆ ಸೆಟೆದು ಡೊಂಕಾಗುತ್ತದೆ, ಆ ಡೊಂಕೇ ನಡುಕ.

ಅಕ್ಕ ತಂಬಿಗೆಯನ್ನು ಸೊಂಟಕ್ಕೆ ಒತ್ತಿ ಹಿಡಿದು ಕೇಳಿದಳು. ಆಮೇಲೆ ವಾದಕ್ಕೆ ನಿಂತಳು. "ಕಂಬಾರ ಕುಡಗೋಲು ಕೆಂಪಗ ಕಾಸಿ ನೀರಾಗ ಅದ್ದತಾನ. ಅದು ಡೊಂಕ ಆಗ್ತೈತೇನು?"

"ಅವ ಪೂರಾ ಅದ್ದತಾನ ಅಕ್ಕಾ, ಒಂದ ಸಲಕ್ಕ, ನೆಟ್ಟಗ ಹಿಡಿದು. ಅರ್ಧ ಅದ್ದಿ ಅರ್ಧ ಬಿಟ್ರ ಅದೂ ತಿರುಚ್ತೈತಿ."

ಹಿರಿಯ ಸೊಸೆ ಒಳಗಿನಿಂದ ಬಂದು, "ನಾ ಹೇಳಿದ್ದಿಲ್ಲೇನ್ರಿ ಅತ್ತಿ, ಗಾಡಿ ಬ್ಯಾರೆ ಎಮ್ಮಿ ಬ್ಯಾರೆ ಅಂತ" ಎಂದಳು. ಅಕ್ಕ ಅವಳನ್ನು ನೋಡಿದ ನೋಟಕ್ಕೆ ಸೊಸೆ ಒಳಗೆ ಹೋದಳು.

"ಹಂಗಾರ ನಾನ ಕೆಡಿಸಿದ್ದು."

"ನಿನಗ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಮೇಸ್ತ್ರಿಗೂ ಗೊತ್ತಾಗಲಿಲ್ಲ."

"ನಾನ ಕೆಡಿಸಿ, ನಾನ ಅಂಜಿ ಇಳದೆ" ಎಂದಳು. ತಂಬಿಗೆಯನ್ನು ಬಚ್ಚಲಿನ ಒಳಗಿಟ್ಟು ಬಂದು ರೊಟ್ಟಿ ಹಾಕಿದಳು. ಅವಳ ಕೈಯಿಂದ ಏನನ್ನೋ ಕಸಿದುಕೊಂಡ ಹಾಗಾಯಿತು ನನಗೆ.

ಮೇಸ್ತ್ರಿಗೆ ಹೇಳಿದಾಗ ಅವನು ಮೊದಲು ನಂಬಲಿಲ್ಲ, ನಂಬಿದ ಮೇಲೆ ನಗುವುದನ್ನು ನಿಲ್ಲಿಸಲಿಲ್ಲ. "ಅಕ್ಕಾರಿಗೆ ನನ್ನ ಸಲಾಂ ಹೇಳ್ರಿ. ನಮ್ಮ ಅಮ್ಮೀಗೆ ಈ ಸುದ್ದಿ ಹೇಳಂಗಿಲ್ಲ, ನಾಳಿಂದ ಆಕಿನೂ ಶುರು ಮಾಡ್ತಾಳ" ಎಂದ. ಎಡಗಡೆಯ ಡಿಸ್ಕು ಹೊಸದೇ ಆದ್ದರಿಂದ ದಪ್ಪ ಸಾಕಷ್ಟಿತ್ತು. ಲೇತಿಗೆ ಹಾಕಿಸಿ ತೆಳುವಾಗಿ ಮುಖ ಹೊಡೆಸಿದ. ಪ್ಯಾಡುಗಳನ್ನು ಉಜ್ಜಿ ಸಮ ಮಾಡಿದ. ಗೇಜು ಹಚ್ಚಿ ನನ್ನನ್ನು ಕರೆದು ತೋರಿಸಿದ. ಡಿಸ್ಕು ತಿರುಗಿತು, ಮುಳ್ಳು ನಿಂತಲ್ಲೇ ನಿಂತಿತ್ತು. "ಜೋರು ಹೊಡದು ಬಂದಾಗ ಕಡೀ ಹಾದಿ ಮೆಲ್ಲಗ ಹೋಗ್ರಿ, ಗಾಳೀಗೆ ಆರ್ಲಿ" ಎಂದ. ಅಷ್ಟೇ ಅದರ ಔಷಧಿ.

ಮರು ಭಾನುವಾರ ಊರ ಹತ್ತಿರ ಎತ್ತಿನ ಬಂಡಿಯ ವೇಗದಲ್ಲಿ ಹೋದೆ. ಅಕ್ಕ ಬಾಗಿಲಲ್ಲಿದ್ದಳು, ಕೈ ಖಾಲಿ. ನಾನು ಬೂಟು, ಕಾಲುಚೀಲ ಕಳಚಿ ಕಲ್ಲಿನ ಮೇಲೆ ನಿಂತೆ. "ನೀರು ತಾ" ಎಂದೆ.

ಅವಳು ನನ್ನ ಪಾದಗಳನ್ನು ನೋಡಿದಳು. "ಏನಾಗ್ಯಾವು ಅವು? ಬೆಳ್ಳಗ ಅದಾವು."

"ಕೊಡ್ತಿಯೋ ಇಲ್ಲೋ?"

ತಂದು ಹಾಕಿದಳು. "ಇವು ಡೊಂಕ ಆಗೂದಿಲ್ಲಲ್ಲ" ಎಂದಳು. ಹಾಗೆ ಅಂದು ನಕ್ಕಳು, ಅದೇ ನನಗೆ ದೊಡ್ಡದಾಗಿತ್ತು. ಅಮಾವಾಸ್ಯೆಗೆ ಕಾರು ಹತ್ತುತ್ತೀಯಾ ಎಂದು ಕೇಳಿದೆ. ಸೊಸೆಯ ಕಡೆ ನೋಡಿ, ಎಮ್ಮೆಯ ಕಡೆ ನೋಡಿ, "ನೋಡೂಣು" ಎಂದಳು.

ಹತ್ತಿದಳು. ಸಿಂಧನೂರಿನವರೆಗೆ ಬಾಗಿಲ ಮೇಲಿನ ಹಿಡಿಕೆಯನ್ನು ಬಿಡಲಿಲ್ಲ. ಸಿಂಧನೂರು ದಾಟಿದ ಮೇಲೆ ನಾನು ಹೇಳಿದೆ, "ಈಗ ಎಂಬತ್ತು ದಾಟಿಸಿ ಬ್ರೇಕ್ ಒತ್ತತೀನಿ. ನೀ ನೋಡಬೇಕು." ಅವಳು ಕಣ್ಣು ಮುಚ್ಚಿಕೊಂಡು, "ನೋಡಾಕತ್ತೀನಿ, ಒತ್ತು" ಎಂದಳು. ಕನ್ನಡಿಯಲ್ಲಿ ಹಿಂದೆ ಯಾರೂ ಇಲ್ಲದ್ದನ್ನು ನೋಡಿ ಒತ್ತಿದೆ. ಸ್ಟೇರಿಂಗು ಕೈಯಲ್ಲಿ ಸುಮ್ಮನಿತ್ತು. ಅವಳ ತೊಡೆಯ ಮೇಲಿನ ಬುಟ್ಟಿಯಲ್ಲಿ ಒಂದು ಹೂವೂ ಕದಲಲಿಲ್ಲ. ಅವಳು ಒಂದು ಕಣ್ಣು ತೆರೆದು, "ಆತೇನು?" ಎಂದಳು.

"ಆತು."

"ನಾ ಇನ್ನಾ ನೀ ಒತ್ತಿಲ್ಲ ಅಂತ ಮಾಡಿದ್ದೆ." ಹಿಡಿಕೆಯನ್ನು ಬಿಟ್ಟು ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

ಗದ್ದೆ ಮುಗಿಯುತ್ತಾ ಬಂತು. ಕಪ್ಪು ನೆಲ ಶುರುವಾಯಿತು. ಜೋಳ ಆಗತಾನೇ ಹಾಲುಗಾಳಾಗಿತ್ತು. ಅಷ್ಟು ತಿಂಗಳಿಂದ ಕಾದ ಮಾತು ನನ್ನ ಬಾಯಿಂದ ತಾನೇ ಬಂತು, "ಅವ್ವನ ಮಾರಿ ಹೆಂಗಿತ್ತು ಅಕ್ಕಾ?"

ಅವಳು ಕಿಟಕಿಯ ಗಾಜು ಇಳಿಸಿ ಹೊಲಗಳ ಕಡೆ ತಿರುಗಿದಳು. ಹೇಳುವುದಿಲ್ಲವೇನೋ ಅಂದುಕೊಂಡೆ.

"ಖರೇ ಹೇಳ್ಲೇನು? ಈಗ ನನಗೂ ಸಮಾ ಕಾಣಸೂದಿಲ್ಲ ಬೇ. ನಾನೂ ಸಣ್ಣಾಕಿ ಇದ್ದೆ. ಮಾರಿ ನೆನಸಿದ್ರ ನಿನ್ನ ಮಾರಿ ಅಡ್ಡ ಬರ್ತೈತಿ. ನೀ ದೊಡ್ಡಾಕಿ ಆದಂಗ ಆಕಿ ಹಿಂದ ಹಿಂದ ಸರದ್ಲು. ಬಸ್ಸಿನಾಗ ಹೋಗೂವಾಗ ಕುಂತು ಕುಂತು ನೆನಸಿದೆ, ಇನ್ನೇನರ ಸಿಗ್ತೈತೇನು ಇಕಿಗೆ ಹೇಳಾಕ ಅಂತ. ಹೇಳಿದ್ದ ಹೇಳಬೇಕು. ಹೊಸಾದು ಎಲ್ಲಿಂದ ತರ್ಲಿ?"

ಅವಳ ಹತ್ತಿರ ಕಣಜ ತುಂಬಾ ಇದೆ ಎಂದು ನಾನು ಅಷ್ಟು ದಿನ ನಂಬಿದ್ದೆ. ಅವಳೂ ತಳದಲ್ಲಿ ಕೈಯಾಡಿಸುತ್ತಿದ್ದಳು. ಅವ್ವ ಸತ್ತಾಗ ಅವಳಿಗಿದ್ದ ವಯಸ್ಸಿನ ಹುಡುಗಿಯರು ಈಗ ನನ್ನ ಶಾಲೆಯಲ್ಲಿದ್ದಾರೆ. ಮಧ್ಯಾಹ್ನದ ಊಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಅಂಥವಳೊಬ್ಬಳು ನನ್ನನ್ನು ಸೊಂಟದ ಮೇಲೆ ಹೊತ್ತಿದ್ದಳು. ಅವ್ವ ಬೇಕು ಎಂದು ನಾನು ಕೇಳುತ್ತಿದ್ದದ್ದು ಅವಳನ್ನು. ಅವಳಿಗೆ ಕೇಳಲು ಯಾರೂ ಇರಲಿಲ್ಲ.

"ಹೇಳಿದ್ದ ಹೇಳು" ಎಂದೆ.

ಅವಳು ಸೆರಗು ಸರಿ ಮಾಡಿಕೊಂಡು ಶುರು ಮಾಡಿದಳು. ಅದೇ ತೆನೆ, ಅದೇ ಸುಡುವ ಬೆಂಕಿ. ಕಾಳನ್ನು ಉಜ್ಜುವ ಅಂಗೈ ಹೇಗೆ ಕಪ್ಪಾಗುತ್ತಿತ್ತು ಎಂಬುದನ್ನು ಈ ಸಲ ಸೇರಿಸಿದಳು. ಅದು ಅವ್ವನ ಅಂಗೈಯೋ ಅವಳದೋ ನಾನು ಕೇಳಲಿಲ್ಲ. ರಸ್ತೆ ನುಣ್ಣಗಿತ್ತು, ಕಾರು ಎಷ್ಟು ಬೇಕಾದರೂ ಓಡುವ ಹಾಗಿತ್ತು. ನನ್ನ ಕಾಲು ಆಕ್ಸಿಲರೇಟರಿನಿಂದ ಮೇಲೆದ್ದಿತ್ತು. ಅರವತ್ತು, ಐವತ್ತು, ನಲವತ್ತು. ಹಿಂದೆ ಭತ್ತದ ಲಾರಿಯವನು ಹಾರ್ನ್ ಹೊಡೆದು, ಪಕ್ಕಕ್ಕೆ ಬಂದು ನಮ್ಮಿಬ್ಬರನ್ನೂ ನೋಡಿ, ಮುಂದೆ ಹೋದ.

"ಯಾಕ ಬೇ, ಮತ್ತ ಕೆಟ್ಟೈತೇನು?" ಅಕ್ಕ ಕೇಳಿದಳು.

"ಇಲ್ಲ, ಆರಾಮ ಐತಿ. ನೀ ಹೇಳು."

ದೂರದಲ್ಲಿ ಮಸ್ಕಿಯ ಗುಡ್ಡ ಕಾಣತೊಡಗಿತ್ತು. ನಾನು ಇನ್ನಷ್ಟು ನಿಧಾನ ಮಾಡಿದೆ.